ಹುಟ್ಟುವ ಮುನ್ನದ ಅಕ್ಕರೆ

ಸಂಜೆ ವಾಕಿಂಗ್ ಹೊರಟವರಿಗೆ ಬಡಾವಣೆಯ ರಸ್ತೆಯಲ್ಲಿ ಡ್ಯಾಶ್‌ಹೌಂಡ್ ಎದುರಾದರೆ ಮುಖದಲ್ಲಿ ನಗು ಮೂಡದೆ ಇರದು. ಉದ್ದ ಮೈ, ಗಿಡ್ಡ ಕಾಲು, ಜೋಲುಗಿವಿ, ನೆಲಕ್ಕೆ ತಾಗಿತೇನೋ ಎನ್ನುವಂಥ ಹೊಟ್ಟೆ. ಜರ್ಮನಿಯವರು ಇದನ್ನು ಬಿಲದೊಳಕ್ಕೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಬೆಳೆಸಿದರು. ನಮ್ಮ ಮನೆಗಳಲ್ಲಿ ಅದಕ್ಕೆ ಸೋಫಾ ಹತ್ತಿ ಮಲಗುವುದೇ ಕಾಯಕ. ಹೀಗಿರುವಾಗ ಒಂದು ದಿನ ಅದು ಸೋಫಾದ ಬುಡಕ್ಕೆ ಬಂದು ಸುಮ್ಮನೆ ನಿಂತುಬಿಡುತ್ತದೆ. ಬೆನ್ನು ತುಸು ಗೂನಾಗಿದೆ, ಹೊಟ್ಟೆ ಬಿಗಿದಿದೆ. ಎತ್ತಿಕೊಳ್ಳಲು ಹೋದರೆ ಕುಂಯ್ ಎಂದು ಅರಚುತ್ತದೆ. ಅಜೀರ್ಣವಿರಬೇಕು ಎಂದು ಮನೆಯವರು ಒಂದು ಹೊತ್ತಿನ ಊಟ ನಿಲ್ಲಿಸುತ್ತಾರೆ. ಮರುದಿನ ಅದು ಹಿಂಗಾಲು ಎಳೆದುಕೊಂಡು ಬಂದಾಗಲೇ ಗಾಬರಿ. ಪಶುವೈದ್ಯರು ಬೆನ್ನಿನ ಮೇಲೆ ಮೆಲ್ಲಗೆ ಬೆರಳು ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ‘ಡಿಸ್ಕ್ ತೊಂದರೆ’ ಎನ್ನುತ್ತಾರೆ. ‘ಎಲ್ಲಿಂದ ಬಿತ್ತೋ ಏನೋ’ ಎಂದು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದು ಎಲ್ಲಿಂದಲೂ ಬಿದ್ದಿರಬೇಕಾಗಿಲ್ಲ.

ಬೆನ್ನುಮೂಳೆಯ ಮಣಿಗಳ ನಡುವೆ ಒಂದೊಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಅದರ ಒಳತಿರುಳು ಲೋಳೆಯಂತಿದ್ದು ನೆಗೆತ ಜಿಗಿತಗಳ ಹೊಡೆತವನ್ನು ತಾನು ನುಂಗಿಕೊಳ್ಳುತ್ತದೆ. ಡ್ಯಾಶ್‌ಹೌಂಡ್, ಬೀಗಲ್, ಫ್ರೆಂಚ್ ಬುಲ್‌ಡಾಗ್, ಪೆಕಿಂಗೀಸ್‌ನಂಥ ತಳಿಗಳಲ್ಲಿ ಎಳನೀರಿನ ಗಂಜಿ ಬಲಿತು ಕಾಯಾಗುವ ಹಾಗೆ, ಸುಮಾರು ಒಂದು ವರ್ಷದ ಪ್ರಾಯಕ್ಕೇ ಈ ತಿರುಳು ಗಟ್ಟಿಯಾಗತೊಡಗುತ್ತದೆ. ಬರಬರುತ್ತ ಸುಣ್ಣ ಕಟ್ಟುತ್ತದೆ. ಮುಂದೊಂದು ದಿನ ಬಿಲ್ಲೆಯ ಹೊರಪದರ ಹರಿದು, ಗಟ್ಟಿಯಾದ ತಿರುಳು ಹೊರಕ್ಕೆ ನುಗ್ಗಿ ಬೆನ್ನುಹುರಿಯನ್ನು ಒತ್ತುತ್ತದೆ. ಡ್ಯಾಶ್‌ಹೌಂಡ್‌ಗಳಲ್ಲಿ ಸುಮಾರು ಐದಕ್ಕೊಂದು ನಾಯಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಕಷ್ಟ ಬರುತ್ತದೆ. ಇದರ ಮೂಲವನ್ನು ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡ್ಯಾನಿಕಾ ಬನಾಶ್ ಮತ್ತು ಸಂಗಡಿಗರು 2017ರಲ್ಲಿ ಪತ್ತೆಹಚ್ಚಿದರು. ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ನಾಯಿಯ 12ನೆಯ ವರ್ಣತಂತುವಿನಲ್ಲಿ ಬಂದು ಕುಳಿತಿದೆ. ಕಾಲು ಗಿಡ್ಡವಾಗುವುದರಲ್ಲಿ ಅದರ ಕೈವಾಡವೂ ಇದೆ, ಬಿಲ್ಲೆ ಅಕಾಲದಲ್ಲಿ ಮುಪ್ಪಾಗುವುದಕ್ಕೂ ಅದೇ ಕಾರಣ. ಇದೇ ಜೀನಿನ ಇನ್ನೊಂದು ಪ್ರತಿ 18ನೆಯ ವರ್ಣತಂತುವಿನಲ್ಲಿರುವುದು 2009ರಲ್ಲೇ ತಿಳಿದಿತ್ತು. ಅದು ಕಾಲನ್ನು ಗಿಡ್ಡ ಮಾಡುತ್ತದೆಯೇ ಹೊರತು ಬಿಲ್ಲೆಯ ಗೊಡವೆಗೆ ಹೋಗುವುದಿಲ್ಲ. ಅಂದಮೇಲೆ, ಗಿಡ್ಡ ಕಾಲಿನ ಮುದ್ದು ಬೇಕಾದರೆ ಬೆನ್ನುನೋವನ್ನು ಒಪ್ಪಿಕೊಳ್ಳಲೇಬೇಕು ಎಂಬ ಕಟ್ಟುಪಾಡೇನೂ ಪ್ರಕೃತಿಯಲ್ಲಿಲ್ಲ.

12ನೆಯ ವರ್ಣತಂತುವಿನ ಪ್ರತಿ ಇದೆಯೇ ಎಂದು ತಿಳಿಯುವ ಪರೀಕ್ಷೆ ಬಹಳ ಸರಳ. ನಾಯಿಯ ಕೆನ್ನೆಯ ಒಳಬದಿಯನ್ನು ಪುಟ್ಟ ಬ್ರಷ್ಷಿನಿಂದ ಉಜ್ಜಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ಆ ಪ್ರತಿ ಇಲ್ಲ, ಒಂದಿದೆ, ಎರಡಿವೆ — ಉತ್ತರ ಈ ಮೂರರಲ್ಲೊಂದು. ಒಂದಿದ್ದರೂ ಅಪಾಯದ ಸಂಭವ ಹೆಚ್ಚುತ್ತದೆ. ಆದರೆ ಇದ್ದವೆಲ್ಲ ಕಾಯಿಲೆ ಬೀಳಲೇಬೇಕೆಂದಿಲ್ಲ. ಪ್ರತಿ ಇಲ್ಲದ ನಾಯಿಗಳೂ ಸಾಕಷ್ಟು ಇರುವ ತಳಿಯಲ್ಲಿ ಜೋಡಿಯನ್ನು ನೋಡಿ ಆರಿಸಿದರೆ ಕೆಲವೇ ತಲೆಮಾರುಗಳಲ್ಲಿ ಮರಿಗಳ ಪಾಡು ಸುಧಾರಿಸುತ್ತದೆ. ಡ್ಯಾಶ್‌ಹೌಂಡ್‌ನ ಕಥೆ ಅಷ್ಟು ಸುಲಭವಲ್ಲ. ಅವುಗಳಲ್ಲಿ ಬಹುಪಾಲು ನಾಯಿಗಳಿಗೆ ಎರಡೂ ಪ್ರತಿಗಳಿರುತ್ತವೆ. ಇದ್ದವನ್ನೆಲ್ಲ ಹೊರಗಿಡುತ್ತೇವೆಂದು ಹೊರಟರೆ ಬೆರಳೆಣಿಕೆಯ ನಾಯಿಗಳಿಂದ ತಳಿ ಮುಂದುವರಿದು, ಒಳಸಂಬಂಧದ ಬೇರೆ ರೋಗಗಳು ಬಂದು ಅಡರುತ್ತವೆ. ಆದ್ದರಿಂದ ಡೆನ್ಮಾರ್ಕ್, ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಎರಡರಿಂದ ನಾಲ್ಕು ವರ್ಷದೊಳಗಿನ ನಾಯಿಗೆ ಎಕ್ಸ್‌ರೇ ಮಾಡಿಸಿ, ಸುಣ್ಣ ಕಟ್ಟಿದ ಬಿಲ್ಲೆಗಳನ್ನು ಎಣಿಸಿ, ಕಡಿಮೆ ಇರುವ ನಾಯಿಗಳನ್ನು ತಳಿಗೆ ಆರಿಸುವ ರೂಢಿ ಬೆಳೆದಿದೆ. ದೋಷ ತಿಳಿದ ಕೂಡಲೇ ಬೇರುಸಹಿತ ಕಿತ್ತೆಸೆಯುವ ಆವೇಶಕ್ಕಿಂತ, ಇರುವುದರಲ್ಲೇ ಒಳ್ಳೆಯದನ್ನು ಹೆಕ್ಕುತ್ತ ಹೋಗುವ ತಾಳ್ಮೆ ಇಲ್ಲಿ ಹೆಚ್ಚು ದಯೆಯುಳ್ಳದ್ದು.

ನಾವು ಗೃಹಸ್ಥರು ಸಾಮಾನ್ಯವಾಗಿ ಕಣ್ಣೆದುರಿನ ನೋವಿಗೆ ಕರಗುತ್ತೇವೆ. ಆಪರೇಷನ್‌ಗೆ ಎಷ್ಟಾದರೂ ಸರಿ ಎನ್ನುತ್ತೇವೆ, ರಾತ್ರಿಯೆಲ್ಲ ನಾಯಿಯ ಪಕ್ಕ ಕೂರುತ್ತೇವೆ. ಆ ಅಂತಃಕರಣ ದೊಡ್ಡದೇ. ಆದರೆ ಅದೇ ಅಂತಃಕರಣ ಮರಿ ಕೊಳ್ಳುವ ದಿನ ಎಲ್ಲಿರುತ್ತದೆ? ಬಣ್ಣ ಯಾವುದು, ಪೇಪರ್ ಇದೆಯೇ, ರೇಟು ಎಷ್ಟು ಎಂದು ಕೇಳಿ ಮರಿಯನ್ನು ಮಡಿಲಿಗೆ ಹಾಕಿಕೊಂಡು ಬರುತ್ತೇವೆ. ಅದರ ತಾಯಿತಂದೆಗಳ ಪರೀಕ್ಷೆ ಆಗಿದೆಯೇ, ಅವುಗಳಿಗೆ ಬೆನ್ನಿನ ತೊಂದರೆ ಬಂದಿತ್ತೇ ಎಂದು ಕೇಳುವವರು ವಿರಳ. ‘ನಮ್ಮದೂ ಅದೇ ಜಾತಿ, ಒಮ್ಮೆ ಮೇಟಿಂಗ್ ಮಾಡಿಸೋಣ’ ಎಂದು ಹೊರಡುವ ಅಕ್ಕಪಕ್ಕದವರಿಗೂ ಈ ಪ್ರಶ್ನೆ ಹೊಳೆಯುವುದಿಲ್ಲ. ಈಗಾಗಲೇ ಮನೆಯಲ್ಲಿರುವ ನಾಯಿಗೆ ನಾವು ಮಾಡಬಹುದಾದ್ದು ಸಣ್ಣಪುಟ್ಟದ್ದು: ತೂಕ ಏರದಂತೆ ನೋಡಿಕೊಳ್ಳುವುದು, ಸೋಫಾಕ್ಕೊಂದು ಇಳಿಜಾರು ಹಲಗೆ ಇಡುವುದು, ಎತ್ತುವಾಗ ಒಂದು ಕೈ ಎದೆಯಡಿಗೆ ಇನ್ನೊಂದು ಕೈ ಹಿಂಬದಿಗೆ ಕೊಡುವುದು, ನಡಿಗೆ ತಪ್ಪಿದ ದಿನವೇ ಡಾಕ್ಟರಿಗೆ ತೋರಿಸುವುದು. ಇನ್ನೂ ಹುಟ್ಟದ ಮರಿಗೆ ಮಾಡಬಹುದಾದ್ದು ಇದಕ್ಕಿಂತ ದೊಡ್ಡದು, ಖರ್ಚೂ ಇಲ್ಲದ್ದು: ಕೇಳುವುದು. ಕೊಳ್ಳುವವರು ಬಣ್ಣ ಕೇಳಿದರೆ ಮಾರುವವರು ಬಣ್ಣಕ್ಕಾಗಿ ತಳಿ ಬೆಳೆಸುತ್ತಾರೆ. ಬೆನ್ನಿನ ವಿಚಾರ ಕೇಳತೊಡಗಿದರೆ ಬೆನ್ನನ್ನೂ ನೋಡಿ ಬೆಳೆಸುತ್ತಾರೆ.