ಕರಕರವೂ ನಾದವಾದೀತೆ?

ದೋಷ ಎಲ್ಲಿ ಮುಗಿಯುತ್ತದೆ, ಗುಣ ಎಲ್ಲಿ ಮೊದಲಾಗುತ್ತದೆ ಎಂದು ಗೆರೆ ಕೊರೆದು ಹೇಳುವುದು ಸುಲಭವಲ್ಲ. ಹಾಲು ಒಡೆದರೆ ಚೆಲ್ಲುತ್ತೇವೆ. ಅದೇ ಹಾಲಿಗೆ ಹೆಪ್ಪು ಹಾಕಿ, ಕೆಡಿಸಿ, ಮೊಸರೆಂದು ಉಣ್ಣುತ್ತೇವೆ. ಎರಡು ಕಡೆಯೂ ಕೆಟ್ಟದ್ದು ಹಾಲೇ. ಒಂದು ತಾನಾಗಿ ಕೆಟ್ಟಿತು, ಇನ್ನೊಂದನ್ನು ನಾವು ಬೇಕೆಂದೇ ಕೆಡಿಸಿದೆವು. ಈ ವ್ಯತ್ಯಾಸದ ಬಗ್ಗೆ ನನ್ನನ್ನು ಯೋಚನೆಗೆ ಹಚ್ಚಿದ್ದು, ನಗಬೇಡಿ, ಎಲೆಕ್ಟ್ರಿಕ್ ಗಿಟಾರ್.

ಈ ವಾದ್ಯ ಹುಟ್ಟಿದ್ದು ಒಂದು ಸಣ್ಣ ಸಂಕಟದಿಂದ. ಅಮೆರಿಕದ ನೃತ್ಯಮಂದಿರಗಳಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಪಾಪ, ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. 1931ರಲ್ಲಿ ಜಾರ್ಜ್ ಬೀಚಮ್ ಎಂಬ ವಾದಕ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಇದಕ್ಕೊಂದು ದಾರಿ ಹುಡುಕಿದ. ಉಕ್ಕಿನ ತಂತಿಗಳ ಬಳಿ ಅಯಸ್ಕಾಂತ, ಜೊತೆಗೆ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತಿನ ಸುರುಳಿ. ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ಎಳೆಯಷ್ಟು ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಆ ಮೊದಲ ಗಿಟಾರಿನ ಆಕಾರ ನೋಡಿ ಜನ ಅದನ್ನು ಬಾಣಲೆ ಎಂದೇ ಕರೆದರು.

ಆಗ ಹೊಸ ಕಾಟ ಶುರುವಾಯಿತು. ಟೊಳ್ಳು ಹೊಟ್ಟೆಯ ಗಿಟಾರಿಗೆ ಈ ಸುರುಳಿ ಕೂರಿಸಿದರೆ, ಸ್ಪೀಕರಿನ ಸದ್ದು ಆ ಹೊಟ್ಟೆಯನ್ನು ನಡುಗಿಸುತ್ತದೆ, ಹೊಟ್ಟೆ ತಂತಿಯನ್ನು ನಡುಗಿಸುತ್ತದೆ, ತಂತಿಯ ಸದ್ದು ಮತ್ತೆ ಸ್ಪೀಕರಿಗೆ ಹೋಗುತ್ತದೆ. ನಮ್ಮ ಜಾತ್ರೆಗಳಲ್ಲಿ ಮೈಕು ‘ಕುಂಯ್’ ಎಂದು ಕೂಗಿ ಭಾಷಣಕಾರರನ್ನು ಬೆಚ್ಚಿಬೀಳಿಸುತ್ತದಲ್ಲ, ಇದೂ ಅದೇ ಬಗೆಯ ಕೂಗು. ಉಪಾಯವೆಂದರೆ ಹೊಟ್ಟೆಯನ್ನೇ ತೆಗೆದುಬಿಡುವುದು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ರೇಡಿಯೋ ರಿಪೇರಿಯವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವನೇ 1950ರಲ್ಲಿ ಗಟ್ಟಿ ಹಲಗೆಯ ಗಿಟಾರನ್ನು ಮಾರುಕಟ್ಟೆಗೆ ತಂದ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿ, ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೂ ಅಡಗಿಸಿದ. ಮಾಡುವವರೆಲ್ಲ ಬಯಸಿದ್ದು ತೊಳೆದಿಟ್ಟಂಥ ಶುದ್ಧ ದನಿಯನ್ನು.

ನುಡಿಸುವವರು ಬಯಸಿದ್ದು ಬೇರೆ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸನ ಒಂದು ಹಾಡಿನ ಧ್ವನಿಮುದ್ರಣದಲ್ಲಿ ಯಂತ್ರ ಕೆಟ್ಟು, ಗಿಟಾರಿನ ದನಿ ಕರಕರ ಅಂದಿತು. ಅದನ್ನು ಹಾಗೇ ಉಳಿಸಿಕೊಂಡರು. ಆ ಕೆಡುಕನ್ನೇ ಬೇಕಾದಾಗ ಹುಟ್ಟಿಸುವ ಪುಟ್ಟ ಪೆಟ್ಟಿಗೆಯೊಂದು 1962ರಲ್ಲಿ ಅಂಗಡಿಗೆ ಬಂತು. ಇಂಗ್ಲೆಂಡಿನ ಡೇವ್ ಡೇವಿಸ್ ಎಂಬ ಹುಡುಗ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ, ಆ ಹರಕು ದನಿಯಲ್ಲೇ 1964ರಲ್ಲಿ ಹೆಸರು ಮಾಡಿದ. 1969ರ ಆಗಸ್ಟಿನಲ್ಲಿ, ವಿಯೆಟ್ನಾಂ ಯುದ್ಧ ನಡೆದಿದ್ದಾಗ, ಜಿಮಿ ಹೆಂಡ್ರಿಕ್ಸ್ ತನ್ನ ದೇಶದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದ. ಹಿಂದಿನವರು ಹಲಗೆ ಬಡಿದು ಅಡಗಿಸಿದ್ದ ‘ಕುಂಯ್’ ಕೂಗನ್ನು ಅವನು ಕರೆತಂದು, ಆ ಗೀತೆಯೊಳಗೆ ಬಾಂಬುಗಳಾಗಿ ಕೆಡವಿದ.

ಇದೆಲ್ಲ ಪರದೇಶದ ಹುಚ್ಚು ಎನ್ನುವ ಮೊದಲು ನಮ್ಮ ತಂಬೂರಿಯ ಕಡೆ ಒಮ್ಮೆ ತಿರುಗಿ ನೋಡಬೇಕು. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಡತಳಿ: ಜವಾರಿ ಜೋಳ, ಜವಾರಿ ಕೋಳಿ. ಸಂಗೀತಗಾರರ ಬಾಯಲ್ಲಿ ಅದಕ್ಕೆ ಬೇರೆ ಅರ್ಥ. ತಂಬೂರಿಯ ಕುದುರೆಯನ್ನು ಕೊಂಚ ಉಬ್ಬಾಗಿ ಉಜ್ಜಿ, ತಂತಿಯ ಕೆಳಗೆ ಒಂದೆಳೆ ದಾರ ಸೇರಿಸುತ್ತಾರೆ. ತಂತಿ ಕುದುರೆಗೆ ಸವರಿ ಸವರಿ ಝೇಂಕರಿಸುತ್ತದೆ. ಅದೇ ಜವಾರಿ. ದಾರ ತೆಗೆದರೆ ದನಿ ಶುದ್ಧವಾಗುತ್ತದೆ, ಸತ್ತಂತೆಯೂ ಆಗುತ್ತದೆ. ಮಿರಜಿನ ಕುಶಲಿಗಳು ಪಂಢರಪುರದ ಸುತ್ತಿನ ಬುರುಡೆ ತಂದು, ತಲೆಮಾರುಗಳಿಂದ ಈ ‘ದೋಷ’ವನ್ನು ಅಷ್ಟು ಜೋಪಾನವಾಗಿ ಕೂರಿಸುತ್ತ ಬಂದಿದ್ದಾರೆ. ಆ ಬುರುಡೆಗಳ ಸೀಮೆಯನ್ನು ತೋಯಿಸುವ ಭೀಮೆಯೇ ಕೆಳಗಿಳಿದು ನಮ್ಮ ಅಫಜಲಪುರ, ಜೇವರ್ಗಿಗಳನ್ನು ಹಾದುಹೋಗುತ್ತಾಳೆ. ಹೀಗಿರುವಾಗ ಕರಕರವೆಂಬ ಕಾರಣಕ್ಕೆ ಗಿಟಾರನ್ನು ದೂರಲು ನಮಗೆ ಬಾಯಿಲ್ಲ. ಕಿವಿಯೊಂದು ಒಪ್ಪಿ ಆರಿಸಿಕೊಂಡ ಕೊರೆ, ಕೊರೆಯಾಗಿ ಉಳಿಯುವುದಿಲ್ಲ.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲವೆಂದು ತಿಳಿದದ್ದು ಇಜೇರಿಯ ಒಂದು ಅಮಾವಾಸ್ಯೆಯ ಭಜನೆಯಲ್ಲಿ. ಮುಂಬಯಿಗೆ ದುಡಿಯಲು ಹೋಗಿದ್ದ ಹುಡುಗನೊಬ್ಬ ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಒಂದು ಪೆಟ್ಟಿಗೆಯನ್ನೂ ತಂದಿದ್ದ. ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ತಾನೂ ನುಡಿಸುತ್ತೇನೆಂದು ಕುಳಿತ. ಪದ ಮುಗಿಯುವ ಮುಂಚೆಯೇ ಜಗಳ ಹತ್ತಿತು. “ಇದು ಭಜನಿ ಅಲ್ಲ, ಸಂತಿ” ಎಂದರು ಕೆಲವರು. “ನಿಮ್ಮ ಹಾರ್ಮೋನಿಯಂ ಯಾವ ಊರಿಂದ ಬಂತು ಕಾಕಾ?” ಎಂದ ಹುಡುಗ. ಮಾತು ಸರಿಯೇ. ವಿಲಾಯತಿಯದೆಂದು 1940ರಲ್ಲಿ ಹಾರ್ಮೋನಿಯಂನ್ನು ರೇಡಿಯೋದಿಂದ ಹೊರಗಿಟ್ಟಿದ್ದರು. ಎಪ್ಪತ್ತರ ದಶಕದಲ್ಲಿ ಮತ್ತೆ ಒಳಗೆ ಕರೆದುಕೊಂಡರು. ಇವತ್ತು ಅದಿಲ್ಲದೆ ಯಾವ ಊರಿನ ಭಜನೆಯೂ ಏಳುವುದಿಲ್ಲ. ಮಡಿಯ ವಾದ ಅಲ್ಲಿಗೆ ಬಿದ್ದುಹೋಯಿತು.

ಆಗ ಏಕತಾರಿ ಹಿಡಿದಿದ್ದ ಹಿರಿಯರು ಮೆಲ್ಲಗೆ ಅಂದರು: “ನಿಂದು ಒದರಲಿ ತಮ್ಮಾ, ಅದಕ ನನ್ನ ತಕರಾರಿಲ್ಲ. ಖರೆ, ನನ್ನ ತಂತಿ ನನಗ ಕೇಳಸವಲ್ದು.”

ಈ ಮಾತಿಗೆ ಹುಡುಗನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ತುತ್ತೂರಿಯ ಪಕ್ಕ ತನ್ನ ದನಿ ತನಗೇ ಕೇಳಿಸದೆ ಹೋದದ್ದೇ ಆ ಗಿಟಾರಿನ ಮೂಲ ಸಂಕಟ. ತೊಂಬತ್ತು ಚಿಲ್ಲರೆ ವರ್ಷಗಳಲ್ಲಿ ಅದು ಏಕತಾರಿಯ ಪಾಲಿಗೆ ತಾನೇ ತುತ್ತೂರಿಯಾಗಿ ಕೂತಿದೆ. ವಾದ್ಯದ ಮಾತಷ್ಟೇ ಅಲ್ಲ ಇದು. ಕೇಳಿಸದವನು ಗಟ್ಟಿಯಾಗಿ ಕೂಗುವುದು ತಪ್ಪಲ್ಲ; ಅವನಿಗೆ ಬೇರೆ ದಾರಿಯೂ ಇರುವುದಿಲ್ಲ. ಒಂದು ಜಾತಿ, ಒಂದು ಭಾಷೆ, ಮನೆಯ ಮೂಲೆಯಲ್ಲಿ ಕುಳಿತ ಹೆಣ್ಣುಮಗಳು, ಯಾರೇ ಆಗಲಿ, ಮೊದಲ ಸಲ ಎತ್ತಿದ ದನಿ ಕೇಳುವವರಿಗೆ ಕರ್ಕಶವಾಗಿಯೇ ಕೇಳುತ್ತದೆ. ಅದನ್ನು ಸಹಿಸಿಕೊಳ್ಳುವುದು ನಮ್ಮ ಧರ್ಮ. ಆದರೆ ಒಮ್ಮೆ ಕೇಳಿಸತೊಡಗಿದ ಮೇಲೆ, ತನ್ನ ಪಕ್ಕದಲ್ಲಿ ಈಗ ಯಾರ ತಂತಿ ಮುಳುಗುತ್ತಿದೆ ಎಂದು ಕಿವಿಗೊಡುವುದು ಅವನ ಧರ್ಮ. ತಂಬೂರಿಯ ಝೇಂಕಾರ ನಮಗೆ ಹಿತವಾಗುವುದು ಅದರಲ್ಲಿ ಕೊರೆ ಇಲ್ಲವೆಂದಲ್ಲ, ಹಾಡುವವನಿಗೆ ಅದು ಜಾಗ ಬಿಡುತ್ತದೆಂದು.

ಗಿಟಾರಿನ ಮೈಮೇಲೆ ದನಿಯನ್ನು ಏರಿಸಲು ಒಂದು ಗುಂಡಿ ಇರುತ್ತದೆ. ಇಳಿಸಲಿಕ್ಕೂ ಅದೇ ಗುಂಡಿ.