ಹಲ್ಲಿಗೆ ಬಂದ ಉಷ್ಣ ಪರೀಷಹ

ನಮ್ಮ ಜೈನ ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ಹಸಿವು, ಬಾಯಾರಿಕೆ, ಚಳಿ ಆದಮೇಲೆ ಬರುವುದು ಉಷ್ಣ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಗಿ ಇಂಗ್ಲೆಂಡಿಗೆ ಇಂಗ್ಲೆಂಡೇ ಬೆವರಿತಲ್ಲ, ಆಗ ಲೆಸ್ಟರಿನ ನಮ್ಮ ಮನೆಯಲ್ಲಿ ಆ ಪರೀಷಹ ಬಂದದ್ದು ಒಂದು ಹಲ್ಲಿಗೆ.

ಮಗಳು ಸಾಕಿದ ಕ್ರೆಸ್ಟೆಡ್ ಗೆಕ್ಕೊ ಅದು. ನ್ಯೂ ಕ್ಯಾಲೆಡೋನಿಯಾದ ಕಾಡಿನ ಜಾತಿ. ಅಳಿದೇಹೋಯಿತು ಎಂದುಕೊಂಡಿದ್ದದ್ದು 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಕಣ್ಣಿಗೆ ರೆಪ್ಪೆಯಿಲ್ಲ, ನಾಲಗೆಯಿಂದಲೇ ಒರೆಸಿಕೊಳ್ಳುತ್ತದೆ. ಹಣ್ಣಿನ ಪುಡಿ ಕಲಸಿಕೊಟ್ಟರೆ ತಿನ್ನುತ್ತದೆ ಎಂದದ್ದಕ್ಕೆ ನಾನು ಒಪ್ಪಿದ್ದು. (ಆ ಪುಡಿಗಳಲ್ಲಿ ಹಲವಕ್ಕೆ ಹುಳುವಿನ ಹಿಟ್ಟೂ ಬೆರೆತಿರುತ್ತದೆ, ಆ ಜಗಳ ಬೇರೆ.) ಮೂಡುಬಿದಿರೆಯಿಂದ ಅಮ್ಮ ಕೇಳಿದ್ದಿಷ್ಟೇ: "ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ಪ್ರಾಣಿಗೆ ದುಡ್ಡು ಕೊಟ್ರಾ?"

22ರಿಂದ 26 ಡಿಗ್ರಿ ಅದಕ್ಕೆ ಹಿತ. 28 ದಾಟಿದರೆ ಬಳಲುತ್ತದೆ. 30ರ ಮೇಲೆ ಬಹಳ ಹೊತ್ತು ಇದ್ದರೆ ಸಾಯಲೂಬಹುದು. ಬೆವರಿ ತಣ್ಣಗಾಗುವ ಉಪಾಯ ಅದರ ಮೈಗಿಲ್ಲ. ಇರುವ ಮುಖ್ಯ ಮದ್ದೆಂದರೆ ಜಾಗ ಬದಲಿಸುವುದು. ಅಮ್ಮನ ಮನೆಯ ಹಲ್ಲಿಗಳು ಮೇ ತಿಂಗಳ ಸೆಕೆಯನ್ನು ದಾಟುವುದೂ ಹಾಗೆಯೇ: ಹೆಂಚಿನ ಸಂದಿಯಿಂದ ಪಾರ್ಶ್ವನಾಥ ಸ್ವಾಮಿಯ ಫೋಟೊ ಹಿಂದಕ್ಕೆ, ಅಲ್ಲಿಂದ ಬಚ್ಚಲಿಗೆ. ಗಾಜಿನ ಪೆಟ್ಟಿಗೆಯಲ್ಲಿ ಬಚ್ಚಲೆಲ್ಲಿ?

ಮಾಡಿದ್ದು ಸರಳ ಕೆಲಸಗಳೇ. ಪೆಟ್ಟಿಗೆಯನ್ನು ಮಹಡಿಯಿಂದ ಕೆಳಗಿನ ಉತ್ತರದ ಕೋಣೆಗೆ ಇಳಿಸಿದೆವು, ದೀಪ ಆರಿಸಿದೆವು, ಹಗಲು ಪರದೆ ಎಳೆದು ರಾತ್ರಿ ಕಿಟಕಿ ತೆರೆದೆವು. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮೇಲಿನ ಜಾಲರಿಯ ಒಂದು ಮೂಲೆಯಲ್ಲಿಟ್ಟೆವು. ಒಂದೇ ಮೂಲೆ ಯಾಕೆಂದರೆ, ಬೇಕಾದರೆ ಹತ್ತಿರ ಬರಲಿ, ಸಾಕಾದರೆ ದೂರ ಸರಿಯಲಿ. ಥರ್ಮಾಮೀಟರಿನ ಅಂಕಿಗಿಂತ ನನಗೆ ಆ ಸರಿಯುವ ಅವಕಾಶವೇ ಮುಖ್ಯವಾಗಿ ಕಂಡಿತು.

ಪರಿಚಿತ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. "ಅದರ ಕರ್ಮ ಉದಯಕ್ಕೆ ಬಂದಿದೆ, ಸಹಿಸಲಿ ಬಿಡಿ. ಅಕಾಮ ನಿರ್ಜರೆ." ಸೆರೆಯಲ್ಲಿರುವವನು ಬೇರೆ ದಾರಿಯಿಲ್ಲದೆ ಹಸಿವು ನೀರಡಿಕೆ ತಾಳಿಕೊಂಡರೂ ಒಂದಿಷ್ಟು ಕರ್ಮ ಕಳಚುತ್ತದೆ ಎಂಬ ಮಾತು ಶಾಸ್ತ್ರದಲ್ಲಿರುವುದು ನಿಜ. ಆದರೆ ಅದು ಸೆರೆಯಾಳಿನ ಲೆಕ್ಕ. ಬೀಗ ಹಾಕಿದವನ ಲೆಕ್ಕ ಬೇರೆ ಪುಟದಲ್ಲಿದೆ: ತತ್ತ್ವಾರ್ಥಸೂತ್ರ ಹೇಳುವ, ಗೃಹಸ್ಥರ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ, ಅಂದರೆ ದೋಷಗಳಲ್ಲಿ, ಮೊದಲನೆಯದೇ ಬಂಧ, ಪ್ರಾಣಿಯನ್ನು ಕಟ್ಟಿಹಾಕುವುದು. ಹೊಡೆಯುವುದು ಕೂಡ ಅದರ ನಂತರ ಬರುತ್ತದೆ. ಮುನಿ ಬಿಸಿಲಲ್ಲಿ ನಿಲ್ಲುವುದು ತಪಸ್ಸಾಗುವುದು ಅವನು ನೆರಳಿಗೆ ಹೋಗಬಹುದಿತ್ತು ಎಂಬ ಕಾರಣಕ್ಕೆ. ನೆರಳನ್ನೇ ಕಿತ್ತುಕೊಂಡು ಇನ್ನೊಂದು ಜೀವಕ್ಕೆ ತಪಸ್ಸು ಮಾಡಿಸಲು ನಾನ್ಯಾರು?

ಹಾಗಾಗಿ ಬಾಟಲಿ ಇಡುವುದನ್ನು ದಯೆ ಎನ್ನಲು ನನಗೆ ಬಾಯಿ ಬಾರದು. ಕಟ್ಟಿಹಾಕಿದ್ದರ ಬಾಕಿ ಅದು, ಅದೂ ಬಡ್ಡಿ ಮಾತ್ರ. ಬಿಟ್ಟುಬಿಡೋಣವೆಂದರೆ ಲೆಸ್ಟರಿನ ಮೊದಲ ಚಳಿಗೇ ಅದು ಸಾಯುತ್ತದೆ. ಈ ಜಾತಿಯ ಆಯಸ್ಸು 15ರಿಂದ 20 ವರ್ಷ. ಮಗಳು ಕಾಲೇಜಿಗೆ ಹೊರಟ ಮೇಲೂ ಪರದೆ ಎಳೆಯುವವಳು ನಾನೇ.

ಇದಾದ ಮೇಲೆ ಇನ್ನೊಂದು ಬೇಡ ಎಂದಿದ್ದೇನೆ. "ನಾವು ತರದಿದ್ದರೆ ಅದು ಅಂಗಡಿಯ ಪೆಟ್ಟಿಗೆಯಲ್ಲೇ ಇರುತ್ತಲ್ಲ" ಎನ್ನುತ್ತಾಳೆ ಮಗಳು. ಕೊಳ್ಳುವವರಿಲ್ಲದಿದ್ದರೆ ಮರಿ ಮಾಡಿಸಿ ಮಾರುವವರೂ ಇರುವುದಿಲ್ಲ ಎಂಬುದು ನನ್ನ ಉತ್ತರ. ಅವಳಿನ್ನೂ ಒಪ್ಪಿಲ್ಲ.