ಎಳೆಯರ ಕೆಲಸದಲ್ಲಿ ಕರ್ತೃ ಯಾರು?

ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲಿ ದಿನವೂ ನಡೆಯುವ ಸಂಗತಿಗಳು ದೊಡ್ಡವರ ಕಣ್ಣಿಗೆ ಅಲ್ಪವಾಗಿ ತೋರುವುವು. ಬೆಳಗ್ಗೆ ಮಕ್ಕಳು ಬಿಸಿಲೋ ಮೋಡವೋ ಮಳೆಯೋ ಎಂಬುದನ್ನು ಹವಾಮಾನದ ನಕ್ಷೆಯಲ್ಲಿ ಗುರುತುಮಾಡುವರು. ಯಾರ ಮನೆಯಲ್ಲಿ ಎಮ್ಮೆ ಈದಿತು, ಯಾರ ಹಿತ್ತಿಲಿನಲ್ಲಿ ಹಾವು ಕಾಣಿಸಿತು ಎಂಬ ವಾರ್ತೆಗಳನ್ನು ಹೇಳುವರು. ಒದ್ದೆಯ ಹತ್ತಿಯಲ್ಲಿ ಹುರುಳಿಯನ್ನಿಟ್ಟು ಮೊಳಕೆಗಾಗಿ ಕಾಯುವರು. ಎಲೆಗಳನ್ನು ಆಯ್ದು ತಂದು ಕಾಗದಕ್ಕೆ ಅಂಟಿಸುವರು. ಇವುಗಳಲ್ಲಿ ಧರ್ಮಾಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಎಡೆಯುಂಟು. ಆ ಕಾಗದದ ಕೆಳಗೆ ಮಗುವಿನ ಹೆಸರನ್ನು ಬರೆಯುವರಷ್ಟೆ. ಆ ಹೆಸರು ನಿಜವೋ ಸುಳ್ಳೋ ಎಂಬುದೇ ಪ್ರಶ್ನೆ.

ಇಂಥ ಕೆಲಸಗಳು ಶಾಲೆಯನ್ನು ಹೊಕ್ಕದ್ದು ಸುಮ್ಮನೆ ಅಲ್ಲ. ಅಮೇರಿಕಾ ದೇಶದ ಕಿಲ್‌ಪ್ಯಾಟ್ರಿಕ್ ಎಂಬ ಶಿಕ್ಷಣಜ್ಞನು 1918ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಗುವು ಮನಃಪೂರ್ವಕವಾಗಿ ಒಂದು ಉದ್ದೇಶವನ್ನಿಟ್ಟುಕೊಂಡು ಮಾಡುವ ಕಾರ್ಯಕ್ಕೆ ‘ಪ್ರಾಜೆಕ್ಟ್’ ಎಂಬ ಹೆಸರನ್ನು ಸಲ್ಲಿಸಿದನು. ಫ್ರಾನ್ಸಿನ ಫ್ರೆನೆ ಎಂಬ ಹಳ್ಳಿಯ ಉಪಾಧ್ಯಾಯನು 1920ರ ದಶಕದಲ್ಲಿ ತರಗತಿಯೊಳಕ್ಕೇ ಸಣ್ಣದೊಂದು ಅಚ್ಚಿನ ಯಂತ್ರವನ್ನು ತಂದು, ಮಕ್ಕಳು ತಮ್ಮ ವಾರ್ತೆಗಳನ್ನು ತಾವೇ ಅಚ್ಚುಹಾಕುವಂತೆ ಮಾಡಿದನು. ನಮ್ಮ ನಾಡಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿಯೂ ಮಕ್ಕಳು ಬರೆದು ಬಿಡಿಸಿದ್ದನ್ನು ಅವರ ತಲೆಯ ಮೇಲಣ ಚಪ್ಪರಕ್ಕೆ ತೂಗುಹಾಕುವ ವಾಡಿಕೆಯುಂಟು. ಎಲ್ಲೆಡೆಯೂ ಆಶಯವೊಂದೇ: ಮಾಡುವ ಕೈ ಮಗುವಿನದಾಗಿರಬೇಕು.

ಆದರೆ ಮನೆಗಳಲ್ಲಿ ನಡೆಯುವುದೇನು? ನಾಳೆ ಸೌರವ್ಯೂಹದ ಮಾದರಿಯನ್ನು ತರಬೇಕೆಂದು ಶಾಲೆಯಿಂದ ಆಜ್ಞೆಯಾಗುವುದು. ತಂದೆಯು ಸಂಜೆ ಅಂಗಡಿಗೆ ಹೋಗಿ ಥರ್ಮೊಕೋಲನ್ನೂ ಬಣ್ಣವನ್ನೂ ತರುವನು. ತಾಯಿಯು ಊಟದ ಪಾತ್ರೆಗಳನ್ನು ತೊಳೆದಿಟ್ಟು, ನಡುರಾತ್ರಿಯವರೆಗೆ ಕುಳಿತು ಗ್ರಹಗಳನ್ನು ಕೊರೆಯುವಳು. ಮಗು ನಿದ್ರಿಸುತ್ತಿರುವುದು. ಮರುದಿನ ಆ ಮಾದರಿಗೆ ಬಹುಮಾನ ಬರುವುದು. ಕೂಲಿಗೆ ಹೋಗುವವರ ಮಗನು ಹಳೆಯ ರಟ್ಟಿನಲ್ಲಿ ತಾನೇ ಕತ್ತರಿಸಿ ತಂದ ಸೊಟ್ಟ ಚಂದ್ರನು ಮೂಲೆಯನ್ನು ಸೇರುವನು. ಶಾಲೆಯೂ ಇದಕ್ಕೆ ಹೊರತಲ್ಲ. ಅಧಿಕಾರಿಗಳು ಬರುವರೆಂದು ಕೇಳಿದೊಡನೆ ಮಕ್ಕಳ ಗೋಡೆಪತ್ರಿಕೆಯನ್ನು ಕಿತ್ತು, ತಮ್ಮ ದುಂಡಕ್ಷರದಲ್ಲಿ ಬರೆದು ಅಂಟಿಸುವ ಉಪಾಧ್ಯಾಯರುಂಟು.

ಪಾಣಿನಿಯು ಕಾರಕಗಳನ್ನು ವಿಂಗಡಿಸುವಾಗ, ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಕರೆದಿದ್ದಾನೆ. ಅಂಥವನನ್ನು ಪ್ರೇರಿಸುವವನಿಗೆ ಕರ್ತೃವೆಂಬುದರ ಜೊತೆಗೆ ಹೇತುವೆಂಬ ಹೆಸರನ್ನೂ ಕೊಟ್ಟಿದ್ದಾನೆ. ಈ ಲಕ್ಷಣದಿಂದ ನೋಡಿದರೆ ಮೇಲಣ ಮಾದರಿಗೆ ಉಪಾಧ್ಯಾಯನು ಹೇತು, ತಾಯಿಯು ಕರ್ತೃ. ಮಗುವಿಗೆ ಉಳಿಯುವುದು ಅಧಿಕರಣಸ್ಥಾನ ಮಾತ್ರ. ಹೊತ್ತು ತರುವುದಕ್ಕೆ ಒಂದು ತಲೆ ಬೇಕಷ್ಟೆ!

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ಯಜ್ಞದಲ್ಲಿ ಹೋಮಾದಿಗಳನ್ನು ನಡೆಸುವವರು ಋತ್ವಿಜರು. ಫಲವಾದರೋ ಯಜಮಾನನದೆಂದು ಮೀಮಾಂಸಕರು ಹೇಳುವರು. ಲೋಕದಲ್ಲಿಯೂ ಗಾರೆಯವರು ಕಟ್ಟಿದ ಮನೆಯನ್ನು ಗೃಹಸ್ಥನು ತನ್ನದೆನ್ನುವನು. ಅವನನ್ನು ಯಾರೂ ಸುಳ್ಳುಗಾರನೆನ್ನರು. ಮಗುವಿಗೆ ಮಾತ್ರ ಈ ಕಟ್ಟಳೆಯೇಕೆ?

ಸಮಾಧಾನವಿದು. ಮನೆಯ ಫಲವು ನೆರಳು; ಯಾರು ಕಟ್ಟಿದರೂ ಅದು ಒಡೆಯನಿಗೆ ದೊರೆಯುವುದು. ಕಲಿಕೆಯ ಫಲವು ಹಾಗೆ ಕೈ ಬದಲಾಯಿಸುವಂಥದಲ್ಲ. ಒಬ್ಬನು ಉಂಡರೆ ಇನ್ನೊಬ್ಬನ ಹೊಟ್ಟೆ ತುಂಬದು. ಒಬ್ಬನು ಹೊಳೆಯಲ್ಲಿ ಈಸಿದರೆ ದಡದಲ್ಲಿ ಕುಳಿತವನಿಗೆ ಈಜು ಬಾರದು. ಮೇಲಾಗಿ ಗೃಹಸ್ಥನು ಮನೆಯನ್ನು ‘ಕಟ್ಟಿಸಿದೆ’ ಎನ್ನುವನು; ಕನ್ನಡದ ಆ ‘ಇಸು’ ಪ್ರತ್ಯಯವೇ ಅವನ ಸತ್ಯವನ್ನು ಕಾಪಾಡುವುದು. ಮಗುವಿಗೆ ಆ ಅವಕಾಶವೂ ಇಲ್ಲ. “ನೀನೇ ಮಾಡಿದೆಯಾ?” ಎಂದು ಕೇಳಿದಾಗ ಅದು “ಹೌದು” ಎನ್ನಲೇಬೇಕು. ಬೇರೆ ಸುಳ್ಳುಗಳಿಗೆ ಮನೆಯಲ್ಲಿ ಗದರಿಕೆಯಿರುವುದು. ಈ ಸುಳ್ಳಿಗೆ ತಂದೆತಾಯಿಗಳೂ ಗುರುಗಳೂ ಬೆಂಬಲವಾಗಿ ನಿಲ್ಲುವರು. ಮಾಡಿದವನೊಬ್ಬ, ಹೆಸರಿನವನೊಬ್ಬ ಆಗಬಹುದೆಂಬುದನ್ನು ಏಳು ವರ್ಷದ ಪ್ರಾಯದಲ್ಲಿಯೇ ಅರಿತವನು ಮುಂದೆ ಕಚೇರಿಯಲ್ಲಿ ಅದನ್ನು ಹೊಸದಾಗಿ ಕಲಿಯಬೇಕಾಗಿಲ್ಲ.

ಹಾಗಾದರೆ ಹಿರಿಯರು ಕೈಕಟ್ಟಿ ಕೂರಬೇಕೆ? ಬೇಡ. ಹೇತುವಾಗುವುದು ನಿಷಿದ್ಧವಲ್ಲ. ಕತ್ತರಿಯನ್ನು ಹಿಡಿಯುವ ಬಗೆಯನ್ನು ತೋರಿಸಬಹುದು, ಬೇವಿನೆಲೆಗೂ ಕರಿಬೇವಿನೆಲೆಗೂ ಭೇದವೇನೆಂದು ಕೇಳಬಹುದು, ಮೂಸಿ ನೋಡೆನ್ನಬಹುದು. ಉತ್ತರವನ್ನು ಬರೆದುಕೊಡಬಾರದು. ಗೋಡೆಪತ್ರಿಕೆಯಲ್ಲಿ ಕಾಗುಣಿತವನ್ನು ತಿದ್ದಬಹುದು. ಕಂಡ ಸಂಗತಿಯನ್ನು ತಿದ್ದಲಾಗದು.

ಈ ಕೊನೆಯ ಮಾತು ವಾರ್ತೆಗಳ ವಿಷಯದಲ್ಲಿ ಮುಖ್ಯವಾದದ್ದು. ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನನು ಹೇಳಿದ್ದಾನೆ. ಋಷಿಗೂ ಮ್ಲೇಚ್ಛನಿಗೂ ಸಲ್ಲುವುದು ಎರಡನೆಯ ತರಗತಿಯ ಹುಡುಗಿಗೆ ಸಲ್ಲದೆ? ವೃತ್ತಪತ್ರಿಕೆಯಿಂದ ನಕಲುಮಾಡಿದ ಮಂತ್ರಿಗಳ ಪ್ರವಾಸದ ಸುದ್ದಿಗಿಂತ, “ನಮ್ಮ ಎಮ್ಮೆ ಕರು ಹಾಕಿತು, ಕರುವಿನ ಹಣೆ ಬಿಳಿ” ಎಂಬ ಅವಳ ವಾಕ್ಯವೇ ಪ್ರಮಾಣದಲ್ಲಿ ಮೇಲು. ಅವಳು ಅಲ್ಲಿದ್ದಳು.

ಇನ್ನು ಹುರುಳಿಯ ಮಾತು. ಎಲ್ಲರ ಕಾಳೂ ಮೊಳೆತು, ಒಬ್ಬಳದು ಮಾತ್ರ ಕೊಳೆಯಿತೆಂದು ಭಾವಿಸಬಹುದು. ಮನೆಯವರು ಮರುಕಪಟ್ಟು ಬೇರೆ ಮೊಳಕೆಯನ್ನು ಆ ಹತ್ತಿಯಲ್ಲಿಟ್ಟು ಕಳುಹಿಸಿದರೆ ವಿಷಯವು ಅಲ್ಲಿಗೇ ಮುಗಿಯಿತು. ಹಾಗೆ ಮಾಡದಿದ್ದರೆ ಅವಳು ನಕ್ಷೆಯಲ್ಲಿ “ನನ್ನದು ಮೊಳೆಯಲಿಲ್ಲ” ಎಂದು ಬರೆಯುವಳು. ಆಗ ಉಪಾಧ್ಯಾಯನಿಗೆ ಪಾಠವು ಆರಂಭವಾಗುವುದು. ಕಾಳು ಹುಳುತದ್ದೆಂದು ಒಬ್ಬನು ಹೇಳುವನು. ನೀರು ಹೆಚ್ಚಾಯಿತೆಂದು ಇನ್ನೊಬ್ಬನು. ಬೀಜಕ್ಕೂ ಉಸಿರು ಬೇಕೆಂಬುದು ಅವರಲ್ಲಿ ಯಾರಿಗೂ ತಿಳಿಯದು. ಮರುದಿನ ಎರಡು ಚಿಪ್ಪುಗಳಲ್ಲಿ ಕಾಳಿಡುವರು: ಒಂದರಲ್ಲಿ ಹತ್ತಿಯು ತೇವವಾಗಿರುವಷ್ಟು ನೀರು, ಇನ್ನೊಂದರಲ್ಲಿ ಕಾಳು ಮುಳುಗುವಷ್ಟು. ನೀರೆರೆಯುವ ಕೆಲಸವು ಆ ಹುಡುಗಿಗೇ ಸೇರುವುದು.